ಕಸದ ಗಾಡಿ ಬರುವ ಮೊದಲು

ಮನೆಯ ಕಸದ ಬಗ್ಗೆ ಮಾತು ಶುರು ಮಾಡಬೇಕಾದದ್ದು ಮಾವಳ್ಳಿಪುರ, ಮಂಡೂರು, ಪಚ್ಚನಾಡಿಗಳಿಂದ. ಬೆಂಗಳೂರು, ಮಂಗಳೂರಿನ ಅಡುಗೆಮನೆಗಳಲ್ಲಿ ಬೇಡವಾದದ್ದನ್ನೆಲ್ಲ ವರ್ಷಗಟ್ಟಲೆ ಹೊತ್ತುಕೊಂಡ ಊರುಗಳಿವು. 2012ರಲ್ಲಿ ಮಾವಳ್ಳಿಪುರದ ಜನ ತಿರುಗಿಬಿದ್ದು ಅಲ್ಲಿನ ಗುಂಡಿ ಮುಚ್ಚಿದಾಗ ಕಸದ ಲಾರಿಗಳಿಗೆ ಹೋಗಲು ಜಾಗವೇ ಇರಲಿಲ್ಲ; ಬೆಂಗಳೂರಿನ ಬೀದಿಬೀದಿಯಲ್ಲಿ ರಾಶಿ ಬಿದ್ದು ಕೊಳೆಯಿತು. ಹೊರೆ ಮಂಡೂರಿನ ಮೇಲೆ ಬಿತ್ತು. ಅಲ್ಲಿಯವರೂ ರಸ್ತೆಗಿಳಿದರು, 2014ರ ಡಿಸೆಂಬರ್‌ನಿಂದ ಅಲ್ಲಿಗೂ ಲಾರಿ ಹೋಗುವುದು ನಿಂತಿತು. ಆಮೇಲೆ ಬೆಳ್ಳಹಳ್ಳಿ, ಮಿಟ್ಟಗಾನಹಳ್ಳಿಗಳ ಕಲ್ಲುಕ್ವಾರಿಗಳ ಸರದಿ. 2019ರ ಆಗಸ್ಟ್ ಮಳೆಯಲ್ಲಿ ಮಂಗಳೂರಿನ ಪಚ್ಚನಾಡಿಯ ಕಸದ ಗುಡ್ಡ ಜರಿದು, ಕೆಳಗಿನ ಮಂದಾರದ ಅಡಿಕೆ, ತೆಂಗಿನ ತೋಟಗಳ ಮೇಲೆ, ಮನೆಗಳ ಮೇಲೆ ಹರಿದು ಬಂತು. ತಲೆಮಾರುಗಳಿಂದ ಬಾಳಿದ ಮನೆಗಳನ್ನು ಜನ ಬಿಟ್ಟು ಹೋಗಬೇಕಾಯಿತು.

ಈ ಊರುಗಳ ಬಾವಿಯ ನೀರು ಕೆಟ್ಟದ್ದು, ನೊಣ, ವಾಸನೆ, ಕೆಮ್ಮು ಎಲ್ಲದರ ಮೂಲ ಹುಡುಕುತ್ತ ಹೋದರೆ ಕೊನೆಗೆ ಸಿಗುವುದು ಒಂದು ಅಡುಗೆಮನೆ. ಅನ್ನ, ಸಾರು, ಹಾಲಿನ ಕವರ್, ಟೂತ್‌ಪೇಸ್ಟ್ ಟ್ಯೂಬ್, ಮಗುವಿನ ಡೈಪರ್ ಎಲ್ಲ ಒಂದೇ ಕಪ್ಪು ಚೀಲದಲ್ಲಿ ಗಂಟು ಕಟ್ಟಿದ ಅಡುಗೆಮನೆ.

ಕಾನೂನು ಇಲ್ಲವೆಂದಲ್ಲ. ಬೆಂಗಳೂರಿನ ನಿವಾಸಿ ಅಲ್ಮಿತ್ರಾ ಪಟೇಲ್ 1996ರಲ್ಲಿ ಸುಪ್ರೀಂ ಕೋರ್ಟಿಗೆ ಹೋದದ್ದರ ಫಲವಾಗಿ ನಗರದ ಘನತ್ಯಾಜ್ಯಕ್ಕೆಂದೇ ದೇಶದ ಮೊದಲ ನಿಯಮಗಳು 2000ದಲ್ಲಿ ಬಂದವು. 2012ರ ಬಿಕ್ಕಟ್ಟಿನ ನಂತರ ಕರ್ನಾಟಕ ಹೈಕೋರ್ಟು ಮೂಲದಲ್ಲೇ ಕಸ ಬೇರ್ಪಡಿಸಬೇಕೆಂದು ಪಟ್ಟು ಹಿಡಿಯಿತು. 2015ರ ಕೊನೆಗೆ ಅದೇ ನ್ಯಾಯಾಲಯ ‘ಎರಡು ಬುಟ್ಟಿ, ಒಂದು ಚೀಲ’ ಪದ್ಧತಿಯನ್ನು ಎತ್ತಿಹಿಡಿಯಿತು: ಹಸಿ ಕಸಕ್ಕೆ ಹಸಿರು ಬುಟ್ಟಿ, ಸ್ಯಾನಿಟರಿ ಕಸಕ್ಕೆ ಕೆಂಪು ಬುಟ್ಟಿ, ಒಣ ಕಸಕ್ಕೆ ಚೀಲ. ಮರುವರ್ಷವೇ ಕೇಂದ್ರದ ಹೊಸ ಘನತ್ಯಾಜ್ಯ ನಿಯಮಗಳೂ ಬಂದವು. ಇವೆಲ್ಲ ಬೇಕಿದ್ದವು, ಬಂದವು, ಒಳ್ಳೆಯದಾಯಿತು. ಆದರೆ ಇವೆಲ್ಲದರ ಲಕ್ಷ್ಯ ಹುಟ್ಟಿದ ಕಸವನ್ನು ಏನು ಮಾಡಬೇಕು ಎಂಬುದರ ಮೇಲೆ. ಇಷ್ಟೊಂದು ಕಸ ಏಕೆ ಹುಟ್ಟಬೇಕು ಎಂಬ ಪ್ರಶ್ನೆಗೆ ಸಿಕ್ಕ ಗಮನ ಕಡಿಮೆ. ನನ್ನ ಮಟ್ಟಿಗೆ ಅದೇ ಮುಖ್ಯ ಪ್ರಶ್ನೆ. ಅದಕ್ಕೆ ಉತ್ತರದ ಅರ್ಧ ಮನೆಯೊಳಗಿದೆ, ಇನ್ನರ್ಧ ಮನೆಗೆ ಬರುವ ಸಾಮಾನನ್ನು ತಯಾರಿಸುವ ಕಾರ್ಖಾನೆಯಲ್ಲಿದೆ.

ಮನೆಯೊಳಗಿನ ಅರ್ಧವನ್ನು ಮೊದಲು ನೋಡೋಣ. ನಮ್ಮ ಮನೆಗಳ ಕಸದಲ್ಲಿ ತೂಕದ ಲೆಕ್ಕಕ್ಕೆ ನೂರಕ್ಕೆ ಸುಮಾರು ಅರವತ್ತು ಪಾಲು ಹಸಿ ಕಸ. ತರಕಾರಿ ಸಿಪ್ಪೆ, ಕಾಫಿ ಚರಟ, ಹಿಂಡಿದ ಹುಣಸೆಹಣ್ಣಿನ ಹಿಪ್ಪೆ, ಕರಿಬೇವಿನ ಕಡ್ಡಿ, ಪೂಜೆಯ ಹೂವು, ಉಳಿದ ಅನ್ನ. ಇವು ತಮ್ಮಷ್ಟಕ್ಕೆ ಕಸವೇ ಅಲ್ಲ. ಪ್ಲಾಸ್ಟಿಕ್ ಚೀಲದೊಳಗೆ ಗಾಳಿಯಿಲ್ಲದೆ ಕೂತಾಗ ಮಾತ್ರ ಕೊಳೆತು ನಾರುತ್ತವೆ. ಗುಂಡಿಯಲ್ಲಿ ಹೂತುಹೋದ ಹಸಿ ಕಸದಿಂದ ಮೀಥೇನ್ ಹುಟ್ಟುತ್ತದೆ; ನೂರು ವರ್ಷದ ಲೆಕ್ಕದಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 28 ಪಟ್ಟು ಹೆಚ್ಚು ಶಾಖ ಹಿಡಿದಿಡುವ ಅನಿಲ. ರಾಶಿಗೆ ತಾನಾಗಿ ಬೆಂಕಿ ಬೀಳುವುದಕ್ಕೂ ಇದೇ ಕಾರಣ. ಅದರಿಂದ ಸೋರುವ ಕಪ್ಪು ರಸ ಬ್ಯಾಟರಿ, ಬಣ್ಣ, ಔಷಧಿಗಳ ವಿಷವನ್ನು ತೊಳೆದುಕೊಂಡು ಅಂತರ್ಜಲಕ್ಕೆ ಇಳಿಯುತ್ತದೆ. ಇನ್ನು ಸುಟ್ಟು ಕರೆಂಟು ಮಾಡೋಣವೆಂದರೆ ಅದೂ ಸಲೀಸಲ್ಲ. ಬಿಡದಿಯಲ್ಲಿ ಕರ್ನಾಟಕ ವಿದ್ಯುತ್ ನಿಗಮ ಕಟ್ಟಿಸಿದ 11.5 ಮೆಗಾವಾಟ್ ಘಟಕದ ಉದ್ದೇಶ ದಿನಕ್ಕೆ 600 ಟನ್ ಕಸ ಸುಡುವುದು. ಆದರೆ ನಮ್ಮ ಕಸದಲ್ಲಿ ತೇವವೇ ಹೆಚ್ಚು. ನೀರು ತುಂಬಿದ ಸಿಪ್ಪೆ ಸುಡಲು ಹೋದರೆ ಬರುವ ಶಾಖದ ಬಹುಪಾಲು ಆ ನೀರನ್ನು ಆವಿ ಮಾಡುವುದಕ್ಕೇ ಖರ್ಚಾಗುತ್ತದೆ.

ಹಸಿ ಕಸ ಮನೆಯಲ್ಲೇ ಉಳಿದುಬಿಟ್ಟರೆ ಈ ಸರಪಳಿ ಅಲ್ಲೇ ತುಂಡಾಗುತ್ತದೆ. ಹೀಗಾಗಿ ಕಸ ಕಡಿಮೆ ಮಾಡುವ ನೂರು ಉಪಾಯಗಳಲ್ಲಿ ಯಾವುದನ್ನು ಮೊದಲು ಮಾಡಲಿ ಎಂದು ಯಾರಾದರೂ ಕೇಳಿದರೆ ನನ್ನ ಉತ್ತರ ಒಂದೇ, ಗೊಬ್ಬರ ಮಾಡಿ. ಬೆಂಗಳೂರಿನಲ್ಲಿ ಪೂನಂ ಬೀರ್ ಕಸ್ತೂರಿ 2006ರಲ್ಲಿ ಶುರುಮಾಡಿದ ‘ಡೈಲಿ ಡಂಪ್’ ಸಂಸ್ಥೆ ಇದನ್ನು ವಿನ್ಯಾಸದ ಪ್ರಶ್ನೆಯಾಗಿ ನೋಡಿತು. ಹಿತ್ತಿಲಿಲ್ಲದ ಮನೆಯಲ್ಲಿ, ಬಾಲ್ಕನಿಯ ಮೂಲೆಯಲ್ಲಿ, ನೆಂಟರು ಬಂದಾಗ ಮುಚ್ಚಿಡಬೇಕೆನಿಸದ ಹಾಗೆ ಗೊಬ್ಬರ ಮಾಡುವುದು ಹೇಗೆ? ಒಂದರ ಮೇಲೊಂದು ಕೂರುವ ಮಣ್ಣಿನ ಮಡಕೆಗಳು ಅದಕ್ಕೆ ಸಿಕ್ಕ ಉತ್ತರ. ಸುಟ್ಟ ಮಣ್ಣು ಉಸಿರಾಡುತ್ತದೆ, ಹೆಚ್ಚಿನ ತೇವವನ್ನು ಹೀರಿ ಹೊರಗೆ ಬಿಡುತ್ತದೆ. ಕುಂಬಾರರ ಕೈಗೂ ಕೆಲಸ ಸಿಕ್ಕಿತು.

ಕೆಲಸದ ಗುಟ್ಟು ಇಷ್ಟೆ. ಹಸಿ ಸಿಪ್ಪೆಯಲ್ಲಿ ಸಾರಜನಕ ಮತ್ತು ನೀರು ಹೆಚ್ಚು, ಒಣ ಎಲೆಯಲ್ಲಿ ಇಂಗಾಲ ಹೆಚ್ಚು. ಎರಡೂ ಸರಿಸುಮಾರು ಸಮ ಗಾತ್ರದಲ್ಲಿ ಪದರಪದರವಾಗಿ ಬಿದ್ದರೆ ಸೂಕ್ಷ್ಮಜೀವಿಗಳಿಗೆ ಆಹಾರವೂ ಗಾಳಿಯೂ ಸಿಗುತ್ತದೆ. ವಾಸನೆ ಬಂದರೆ ನೀರು ಹೆಚ್ಚಾಗಿದೆ ಎಂದರ್ಥ, ಇನ್ನೊಂದು ಹಿಡಿ ಒಣ ಎಲೆಯನ್ನೋ ತೆಂಗಿನ ನಾರಿನ ಪುಡಿಯನ್ನೋ ಹಾಕಬೇಕು. ಏನೂ ಆಗದೆ ಹಾಗೇ ಒಣಗಿ ಕೂತರೆ ನೀರು ಚಿಮುಕಿಸಬೇಕು. ಹುಳಿ ಮಜ್ಜಿಗೆಯನ್ನೋ ಹಳೆಯ ಗೊಬ್ಬರವನ್ನೋ ಹೆಪ್ಪಿನಂತೆ ಬೆರೆಸಿದರೆ ಬೇಗ ಹತ್ತಿಕೊಳ್ಳುತ್ತದೆ. ನಮ್ಮ ಬಾಲ್ಕನಿಯ ಮಡಕೆಯ ಮುಚ್ಚಳ ತೆಗೆದಾಗ ಬೆಳಗಿನ ಹೊತ್ತು ಒಳಗಿಂದ ಬೆಚ್ಚನೆ ಹಬೆ ಮುಖಕ್ಕೆ ತಾಗುತ್ತದೆ, ಕೈಯಿಟ್ಟರೆ ಬಿಸಿ. ಬೂದುಬಣ್ಣದ ದಪ್ಪ ಹುಳುಗಳು ಕಲ್ಲಂಗಡಿ ಸಿಪ್ಪೆಯನ್ನು ಒಳಗಿಂದ ತಿಂದು ಕಾಗದದಷ್ಟು ತೆಳ್ಳಗೆ ಮಾಡಿರುತ್ತವೆ. ಇವು ಕಪ್ಪು ಸೈನಿಕ ನೊಣದ ಮರಿಗಳು, ಕಚ್ಚುವುದಿಲ್ಲ, ರೋಗ ಹರಡುವುದಿಲ್ಲ. ಇವನ್ನು ಕಂಡು ಹೆದರಿ ಗೊಬ್ಬರ ಮಾಡುವುದನ್ನೇ ಬಿಟ್ಟವರು ಬಹಳ ಜನ, ಅದಕ್ಕೇ ಹೇಳಬೇಕಾಯಿತು. ನಿಂಬೆ ಸಿಪ್ಪೆ, ಎಳನೀರು ಬುರುಡೆ, ಮಾವಿನ ಓಟೆ ನಿಧಾನ; ತೆಂಗಿನ ಚಿಪ್ಪು ಹಾಕಲೇಬೇಡಿ. ಉಳಿದದ್ದು ಒಂದೂವರೆ, ಎರಡು ತಿಂಗಳಿಗೆ ಮಳೆ ಬಿದ್ದ ಮಣ್ಣಿನ ವಾಸನೆಯ ಕಪ್ಪು ಗೊಬ್ಬರವಾಗುತ್ತದೆ.

ಇದರಲ್ಲಿ ನಮಗೆ ತೀರಾ ಹೊಸದೇನಿಲ್ಲ. ಪ್ರತಿ ಹಳ್ಳಿಮನೆಗೂ ಒಂದು ತಿಪ್ಪೆ ಇತ್ತು. ಸಗಣಿ, ಬೂದಿ, ಕೊಟ್ಟಿಗೆಯ ಕಸ, ಎಂಜಲೆಲೆ ಎಲ್ಲ ಅದಕ್ಕೇ. ಬೇಸಿಗೆಯಲ್ಲಿ ಗಾಡಿ ಕಟ್ಟಿ ಅದನ್ನು ಹೊಲಕ್ಕೆ ಹೊಡೆಯುತ್ತಿದ್ದರು. ತಿಪ್ಪೆ ಎಲ್ಲವನ್ನೂ ಅರಗಿಸಿಕೊಂಡದ್ದು ನಮ್ಮ ಹಿರಿಯರು ಪರಿಸರದ ಪಾಠ ಓದಿದ್ದರಿಂದಲ್ಲ. ಮನೆಗೆ ಬರುತ್ತಿದ್ದ ಸಾಮಾನೆಲ್ಲ ಮಣ್ಣಿನಿಂದಲೋ ಗಿಡಮರದಿಂದಲೋ ಬಂದದ್ದಾಗಿತ್ತು, ಮತ್ತೆ ಮಣ್ಣಾಗುತ್ತಿತ್ತು. ಇವತ್ತು ಅದೇ ತಿಪ್ಪೆಯ ಗೊಬ್ಬರ ಹೊಲಕ್ಕೆ ಹೋದರೆ ಉಳುವಾಗ ಗುಟ್ಕಾ ಚೀಟಿ, ಶಾಂಪೂ ಸ್ಯಾಶೆ ನೇಗಿಲಿಗೆ ಸಿಕ್ಕಿಕೊಂಡು ಬರುತ್ತವೆ. ತಿಪ್ಪೆ ಕೆಟ್ಟಿಲ್ಲ, ಅದಕ್ಕೆ ಬೀಳುವ ಪದಾರ್ಥ ಬದಲಾಗಿದೆ.

ಒಣ ಕಸದ ದಾರಿ ಬೇರೆ. ಅದು ಮನೆಯಿಂದ ಹೊರಟು ಹತ್ತಾರು ಕೈ ದಾಟುತ್ತದೆ. ಹಳೆ ಪೇಪರಿನವರು, ಚಿಂದಿ ಆಯುವವರು, ಪೌರಕಾರ್ಮಿಕರು, ಬೀದಿಯ ಗುಜರಿ ಅಂಗಡಿ, ವಾರ್ಡಿನ ಒಣ ಕಸ ಸಂಗ್ರಹ ಕೇಂದ್ರ, ಅಲ್ಲಿಂದ ಜಾಲಿ ಮೊಹಲ್ಲಾ, ನಾಯಂಡಹಳ್ಳಿಯ ಸಗಟು ಗೋದಾಮುಗಳು, ಆಮೇಲೆ ಕರಗಿಸುವ ಕಾರ್ಖಾನೆ. ಚಿಂದಿ ಆಯುವವರನ್ನು ಗುರುತಿಸಿ ಕಾರ್ಡು ಕೊಟ್ಟ ದೇಶದ ಮೊದಲ ನಗರಗಳಲ್ಲಿ ಬೆಂಗಳೂರೂ ಒಂದು. 2011ರಲ್ಲಿ ಆರಂಭವಾದ ಆ ಕೆಲಸದ ಹಿಂದೆ ‘ಹಸಿರು ದಳ’ದಂಥ ಸಂಘಟನೆಗಳ ಹೋರಾಟ ಇತ್ತು. ಕಸದಲ್ಲಿ ಕೈಯಾಡಿಸಿ ಬದುಕಿದವರಲ್ಲಿ ಹಲವರು ಇವತ್ತು ವಾರ್ಡಿನ ಒಣ ಕಸ ಕೇಂದ್ರ ನಡೆಸುತ್ತಿದ್ದಾರೆ. ಹೊಸ ಸಂಸ್ಥೆಗಳು, ಯಂತ್ರಗಳು, ಟೆಂಡರುಗಳು ಬರುವಾಗ ಮೊದಲು ಕೆಲಸ ಕಳೆದುಕೊಳ್ಳುವವರೂ ಇವರೇ ಎಂಬುದನ್ನು ಮರೆಯಬಾರದು.

ಇಂಥ ಒಂದು ಕೇಂದ್ರದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿದರೆ ಮನೆಯಲ್ಲಿ ಮಾಡಬೇಕಾದದ್ದೇನೆಂದು ಯಾರೂ ಹೇಳಿಕೊಡಬೇಕಾಗಿಲ್ಲ. ಚೀಲ ಸುರಿದ ಕೂಡಲೇ ಹೆಂಗಸರು ಸುತ್ತ ಕೂತು ಆರಿಸುತ್ತಾರೆ. ನೀರಿನ ಬಾಟಲಿ ಒಂದು ಕಡೆ, ಅದರ ಮುಚ್ಚಳ ಇನ್ನೊಂದು ಕಡೆ. ಎಣ್ಣೆ ಕವರ್, ಹಾಲಿನ ಕವರ್ ಬೇರೆಬೇರೆ. ರಟ್ಟು, ಬಿಳಿ ಹಾಳೆ, ಪತ್ರಿಕೆ ಬೇರೆ. ಗಟ್ಟಿ ಪ್ಲಾಸ್ಟಿಕ್ಕನ್ನು ನೆಲಕ್ಕೆ ಕುಟ್ಟಿ ಶಬ್ದ ಕೇಳಿಯೇ ಅದು ಯಾವ ಜಾತಿಯದೆಂದು ಹೇಳಬಲ್ಲವರು ಅಲ್ಲಿದ್ದಾರೆ. ಹೋಟೆಲಿನಿಂದ ತರಿಸಿದ ಡಬ್ಬಿಯಲ್ಲಿ ಗ್ರೇವಿ ಉಳಿದಿದ್ದರೆ ಆ ಎಣ್ಣೆ ಪಕ್ಕದ ಹಾಳೆಗಳಿಗೂ ಹತ್ತಿ ಅವಕ್ಕೆ ಬೆಲೆಯೇ ಇಲ್ಲದಂತಾಗುತ್ತದೆ. ಒಡೆದ ಗಾಜನ್ನು ಹಾಗೇ ಎಸೆದಿದ್ದರೆ ಕೈ ಕುಯ್ಯುತ್ತದೆ.

ಹಾಲಿನ ಕವರನ್ನೇ ತೆಗೆದುಕೊಳ್ಳಿ. ಕತ್ತರಿಯಿಂದ ಅದರ ತುದಿಯನ್ನು ಪೂರ್ತಿ ಕತ್ತರಿಸಿಬಿಡುವುದು ನಮ್ಮೆಲ್ಲರ ಅಭ್ಯಾಸ. ಆ ಉಗುರಿನಷ್ಟು ತ್ರಿಕೋನದ ಚೂರನ್ನು ಯಾರ ಕೈಯೂ ಆಯಲಾರದು. ಸಿಂಕಿನ ಬಾಯಿಂದ ಮೋರಿಗೆ, ಮೋರಿಯಿಂದ ಕೆರೆಗೆ ಹೋಗಿ ಸೇರುತ್ತದೆ. ಪೂರ್ತಿ ಕತ್ತರಿಸದೆ ಒಂದು ಎಳೆ ಉಳಿಸಿದರೆ ಚೂರು ಕವರಿಗೇ ಅಂಟಿಕೊಂಡಿರುತ್ತದೆ. ಕವರಿಗೆ ಸ್ವಲ್ಪ ನೀರು ಹಾಕಿ ಕುಲುಕಿ, ಆ ನೀರನ್ನು ಗಿಡಕ್ಕೆ ಚೆಲ್ಲಿ, ಕವರನ್ನು ತಲೆಕೆಳಗಾಗಿ ಒಣಗಿಸಿಟ್ಟರೆ ಗುಜರಿಯಲ್ಲಿ ಅದಕ್ಕೆ ಒಳ್ಳೆಯ ಬೆಲೆ, ಏಕೆಂದರೆ ಒಂದೇ ಬಗೆಯ ಶುದ್ಧ ಪ್ಲಾಸ್ಟಿಕ್ ಅದು. ತೊಳೆಯದೆ ಬಿಟ್ಟರೆ ಎರಡೇ ದಿನದಲ್ಲಿ ಹುಳಿತು ಇಡೀ ಚೀಲ ನಾರುತ್ತದೆ. ಈ ಕೆಲಸಕ್ಕೆ ಅರ್ಧ ನಿಮಿಷವೂ ಬೇಡ.

ಇಷ್ಟೆಲ್ಲ ಮಾಡಿದ ಮೇಲೂ ಮರುಬಳಕೆಯ ಕಾರ್ಖಾನೆಯ ಮೇಲೆ ಪೂರ್ತಿ ಭಾರ ಹಾಕುವ ಹಾಗಿಲ್ಲ. ಗಾಜು ಮತ್ತು ಅಲ್ಯೂಮಿನಿಯಂ ಎಷ್ಟು ಸಲ ಕರಗಿಸಿದರೂ ಗುಣ ಕೆಡುವುದಿಲ್ಲ. ಅದಿರಿನಿಂದ ಹೊಸದಾಗಿ ಅಲ್ಯೂಮಿನಿಯಂ ತೆಗೆಯುವುದಕ್ಕೆ ಹೋಲಿಸಿದರೆ ಹಳೆಯದನ್ನು ಕರಗಿಸಲು ಬೇಕಾಗುವ ಶಕ್ತಿ ನೂರಕ್ಕೆ ಐದರಷ್ಟು. ಕಾಗದದ ನಾರು ಪ್ರತಿ ಸುತ್ತಿಗೂ ಗಿಡ್ಡವಾಗುತ್ತ ಹೋಗಿ ಐದಾರು ಸುತ್ತಿಗೆ ಮುಗಿಯುತ್ತದೆ. ಪ್ಲಾಸ್ಟಿಕ್ಕಿನ ಕಥೆ ಇನ್ನೂ ಕಷ್ಟ. ನೀರಿನ ಬಾಟಲಿ ಬಹುಪಾಲು ಮತ್ತೆ ಬಾಟಲಿಯಾಗುವುದಿಲ್ಲ, ನೂಲಾಗಿ ಬಟ್ಟೆಯಾಗುತ್ತದೆ; ಆ ಬಟ್ಟೆ ಮತ್ತೆ ಏನೂ ಆಗುವುದಿಲ್ಲ. ಜಗತ್ತು 2015ರವರೆಗೆ ಹುಟ್ಟಿಸಿದ ಪ್ಲಾಸ್ಟಿಕ್ ತ್ಯಾಜ್ಯದಲ್ಲಿ ನೂರಕ್ಕೆ ಒಂಬತ್ತರಷ್ಟು ಮಾತ್ರ ಮರುಬಳಕೆಗೆ ಹೋಗಿದೆ ಎಂದು 2017ರಲ್ಲಿ ಪ್ರಕಟವಾದ ಅಧ್ಯಯನವೊಂದು ಲೆಕ್ಕ ಹಾಕಿತು. ಬಾಟಲಿಯ ಮೇಲೆ ಮೂರು ಬಾಣದ ಗುರುತು ಇದೆಯೆಂದ ಮಾತ್ರಕ್ಕೆ ಅದಕ್ಕೆ ಇನ್ನೊಂದು ಜನ್ಮ ಇದೆಯೆಂದು ನಂಬುವುದು ಸರಿಯಲ್ಲ. ಆ ಗುರುತಿನೊಳಗಿನ ಅಂಕಿ ಹೇಳುವುದು ಅದು ಯಾವ ಪ್ಲಾಸ್ಟಿಕ್ ಎಂಬುದನ್ನು ಮಾತ್ರ.

ಆದ್ದರಿಂದ ಮರುಬಳಕೆಗಿಂತ ಒಂದು ಮೆಟ್ಟಿಲು ಮೇಲಿರುವುದು ಅದೇ ವಸ್ತುವನ್ನು ಅದೇ ರೂಪದಲ್ಲಿ ಮತ್ತೆ ಬಳಸುವುದು, ರಿಪೇರಿ ಮಾಡಿಸುವುದು. ಇದಕ್ಕೆ ಬೇಕಾದ ಕೈಗಳು ನಮ್ಮಲ್ಲಿ ಇನ್ನೂ ಉಳಿದಿವೆ. ಉತ್ತರ ಕರ್ನಾಟಕದ ಮನೆಗಳಲ್ಲಿ ಹಳೆ ಸೀರೆ, ಧೋತರ, ಅಂಗಿಯ ತುಂಡುಗಳನ್ನು ಪದರಪದರವಾಗಿಟ್ಟು ಹೊಲಿಯುವ ಕೌದಿಗೆ ಸಮನಾದ ಹೊದಿಕೆ ಅಂಗಡಿಯಲ್ಲಿ ಸಿಗುವುದಿಲ್ಲ. ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ಕೌದಿಗಳು ಈಗ ಕಲಾಪ್ರದರ್ಶನಗಳಿಗೂ ಹೋಗಿವೆ. ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುತ್ತ ಬೀದಿಯಲ್ಲಿ ಕೂಗುವವರು, ಕೊಡೆ ರಿಪೇರಿಯವರು, ಮಿಕ್ಸಿ ಜಾರಿನ ಬ್ಲೇಡು ಬದಲಿಸುವವರು, ಚಪ್ಪಲಿ ಹೊಲಿಯುವವರು ಎಲ್ಲ ಕಸ ಕಡಿಮೆ ಮಾಡುವ ಉದ್ಯೋಗದಲ್ಲೇ ಇದ್ದಾರೆ, ಯಾವ ಯೋಜನೆಯ ಪಟ್ಟಿಯಲ್ಲೂ ಅವರ ಹೆಸರಿಲ್ಲ. ಬೆಂಗಳೂರಿನ ಎಸ್.ಪಿ. ರಸ್ತೆಯ ಕಿರುದಾರಿಗಳಲ್ಲಿ ಸತ್ತಿದೆ ಎಂದ ಲ್ಯಾಪ್‌ಟಾಪಿಗೆ ಜೀವ ಕೊಡುವವರಿದ್ದಾರೆ. 2015ರಿಂದ ಬೆಂಗಳೂರಿನಲ್ಲಿ ರಿಪೇರಿ ಕೆಫೆಗಳೂ ನಡೆಯುತ್ತಿವೆ. ಕೆಟ್ಟ ಇಸ್ತ್ರಿಪೆಟ್ಟಿಗೆ, ಫ್ಯಾನು ಹಿಡಿದು ಬಂದವರು ಬಲ್ಲವರ ಪಕ್ಕ ಕೂತು ತಾವೇ ಸರಿಮಾಡಲು ಕಲಿಯುತ್ತಾರೆ.

ಹಳೆಯದನ್ನು ಹೊಗಳುವಾಗ ಒಂದು ಎಚ್ಚರ ಬೇಕು. ಅಂದಿನ ಮಿತವ್ಯಯಕ್ಕೆ ಬಡತನವೇ ದೊಡ್ಡ ಕಾರಣ, ಅದನ್ನು ನಡೆಸಿಕೊಂಡು ಬಂದದ್ದು ಬಹುಮಟ್ಟಿಗೆ ಹೆಂಗಸರ ದುಡಿಮೆ. ಇವತ್ತು ಬಾಟಲಿ ತೊಳೆ, ಕವರ್ ಒಣಗಿಸು, ಗೊಬ್ಬರ ತಿರುವು ಎಂದು ಹೇಳುವಾಗಲೂ ಆ ಕೆಲಸ ಮನೆಯ ಹೆಂಗಸಿನ ಮೇಲೋ ಮನೆಗೆಲಸದವರ ಮೇಲೋ ಬೀಳುತ್ತಿದೆ. ಮನೆಮಂದಿಯೆಲ್ಲ ಹಂಚಿಕೊಳ್ಳದ ಹೊರತು ಈ ಅಭ್ಯಾಸ ಹೆಚ್ಚು ದಿನ ಬಾಳುವುದಿಲ್ಲ.

ನಾಮಕರಣ, ಗೃಹಪ್ರವೇಶದಂಥ ಮನೆಯ ಸಮಾರಂಭಗಳಲ್ಲಿ ಒಂದೇ ಹೊತ್ತಿಗೆ ಹುಟ್ಟುವ ಕಸ ತಿಂಗಳುಗಳ ಜಾಗ್ರತೆಯನ್ನು ನುಂಗಿಹಾಕುತ್ತದೆ. ಬಾಳೆಎಲೆ, ಮುತ್ತುಗದ ಎಲೆ, ಅಡಿಕೆ ಹಾಳೆ ತಟ್ಟೆ ಇರುವ ನಾಡಿನಲ್ಲಿ ಥರ್ಮೊಕೋಲ್ ತಟ್ಟೆ ಬಂದದ್ದೇ ಆಶ್ಚರ್ಯ. ಕಾಗದದ ಲೋಟ ಪರವಾಗಿಲ್ಲ ಎಂದುಕೊಂಡವರೂ ಇದ್ದಾರೆ, ಆದರೆ ಕಾಫಿ ಸೋರದಂತೆ ಅದರ ಒಳಮೈಗೆ ಪ್ಲಾಸ್ಟಿಕ್ ಲೇಪನವಿರುತ್ತದೆ. ಬೆಂಗಳೂರಿನ ‘ಅದಮ್ಯ ಚೇತನ’ ನಡೆಸುವ ತಟ್ಟೆ ಬ್ಯಾಂಕಿನಿಂದ ಸ್ಟೀಲ್ ತಟ್ಟೆ, ಲೋಟ ಒಯ್ದು, ಸಮಾರಂಭ ಮುಗಿಸಿ ಹಿಂದಿರುಗಿಸಬಹುದು. ಹಿಂದೆ ಊರಿನ ದೇವಸ್ಥಾನದ ಪಾತ್ರೆಪರಡಿ ಎಲ್ಲರ ಮದುವೆಗೂ ಒದಗುತ್ತಿದ್ದದ್ದು ಹೀಗೆಯೇ. ಪ್ರತಿ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘ ಇಂಥದ್ದೊಂದು ಬೀರು ಇಟ್ಟುಕೊಂಡರೆ ಸಾಕು.

ಚೀಲದ ವಿಷಯ ಬೇಗ ಮುಗಿಸಬಹುದು. ಹೊಸ ಹತ್ತಿ ಚೀಲ ತಯಾರಾಗಲು ನೀರು, ವಿದ್ಯುತ್ ಬಹಳ ಬೇಕು. ಹತ್ತಾರು ಸಲವಾದರೂ ಬಳಸದಿದ್ದರೆ ಪ್ಲಾಸ್ಟಿಕ್ ಚೀಲಕ್ಕಿಂತ ಅದು ಮೇಲೇನಲ್ಲ. ಅಂಗಡಿಗೆ ಹೋದಾಗಲೆಲ್ಲ ಹೊಸ ಬಟ್ಟೆ ಚೀಲ ಕೊಂಡು ಮನೆಯಲ್ಲಿ ಗುಡ್ಡೆ ಹಾಕುವುದರಲ್ಲಿ ಅರ್ಥವಿಲ್ಲ. ಹಳೆ ಪ್ಯಾಂಟಿನ ಕಾಲಿನಿಂದ ಹೊಲಿದ ಚೀಲ ಎಲ್ಲಕ್ಕಿಂತ ಒಳ್ಳೆಯದು. ‘ಕೊಳೆಯುವ ಪ್ಲಾಸ್ಟಿಕ್’ ಎಂದು ಬರೆದ ಚೀಲಗಳ ಬಗ್ಗೆಯೂ ಹುಷಾರು. ಅವುಗಳಲ್ಲಿ ಬಹುಪಾಲು ಕರಗುವುದು ದೊಡ್ಡ ಗೊಬ್ಬರ ಘಟಕದ ಹೆಚ್ಚಿನ ಶಾಖದಲ್ಲಿ, ಬಾಲ್ಕನಿಯ ಮಡಕೆಯಲ್ಲಲ್ಲ. ಮಾಮೂಲಿ ಪ್ಲಾಸ್ಟಿಕ್ಕಿನ ಜೊತೆ ಬೆರೆತರೆ ಆ ಮಾಲನ್ನೂ ಕೆಡಿಸುತ್ತವೆ.

ಸ್ಯಾನಿಟರಿ ಕಸದ ಬಗ್ಗೆ ಇನ್ನೂ ಸಂಕೋಚದಿಂದಲೇ ಮಾತಾಡುತ್ತೇವೆ. ಬಳಸಿದ ಪ್ಯಾಡು, ಡೈಪರನ್ನು ಪತ್ರಿಕೆಯಲ್ಲಿ ಸುತ್ತಿ ಮೇಲೊಂದು ಕೆಂಪು ಚುಕ್ಕೆ ಇಡಿ ಎಂಬ ಪ್ರಚಾರ ಬೆಂಗಳೂರು, ಪುಣೆಗಳಲ್ಲಿ ನಡೆದದ್ದು ಅದನ್ನು ಬರಿಗೈಯಲ್ಲಿ ಬಿಚ್ಚಬೇಕಾಗಿ ಬರುವ ಪೌರಕಾರ್ಮಿಕರ ಸಲುವಾಗಿ. ಮಾರುಕಟ್ಟೆಯ ಪ್ಯಾಡಿನಲ್ಲಿ ಹೆಚ್ಚಿನ ಪಾಲು ಪ್ಲಾಸ್ಟಿಕ್. ಮುಟ್ಟಿನ ಕಪ್ ಒಂದನ್ನು ವರ್ಷಗಟ್ಟಲೆ ಬಳಸಬಹುದು, ಹತ್ತು ವರ್ಷ ಬಾಳುವಂಥವೂ ಇವೆ. ರಾಜ್ಯದ ಆರೋಗ್ಯ ಇಲಾಖೆ ‘ಮೈತ್ರಿ’ ಎಂಬ ಹೆಸರಿನಲ್ಲಿ ದಕ್ಷಿಣ ಕನ್ನಡ, ಚಾಮರಾಜನಗರ ಜಿಲ್ಲೆಗಳ ವಿದ್ಯಾರ್ಥಿನಿಯರಿಗೆ ಪ್ರಾಯೋಗಿಕವಾಗಿ ಈ ಕಪ್ ಕೊಟ್ಟದ್ದು ಸರಿಯಾದ ಹೆಜ್ಜೆ. ತೊಳೆಯಲು ನೀರು, ಮರೆಗೊಂದು ಶೌಚಾಲಯ, ಹೇಳಿಕೊಡುವ ಒಬ್ಬ ಆಶಾ ಕಾರ್ಯಕರ್ತೆ ಇದ್ದಲ್ಲಿ ಇದು ಬೇರೂರುತ್ತದೆ, ಇಲ್ಲದಿದ್ದಲ್ಲಿ ಕಪ್ ಪೆಟ್ಟಿಗೆಯಲ್ಲೇ ಉಳಿಯುತ್ತದೆ.

ದೊಡ್ಡ ನಗರ ಮಾಡಲಾರದ್ದನ್ನು ಸಣ್ಣ ಊರುಗಳು ಮಾಡಿ ತೋರಿಸಿವೆ. ಮೈಸೂರಿನ ಕುಂಬಾರಕೊಪ್ಪಲಿನ ಶೂನ್ಯ ತ್ಯಾಜ್ಯ ಘಟಕದಲ್ಲಿ ಸುತ್ತಲಿನ ಬಡಾವಣೆಗಳ ಕಸ ಅಲ್ಲೇ ಗೊಬ್ಬರವೂ ಮಾರುವ ಮಾಲೂ ಆಗುತ್ತದೆ. 2015 ಮತ್ತು 2016ರ ಸ್ವಚ್ಛತಾ ಪಟ್ಟಿಗಳಲ್ಲಿ ಮೈಸೂರು ದೇಶಕ್ಕೇ ಮೊದಲು ಬಂದದ್ದರ ಹಿಂದೆ ಇಂಥ ವಾರ್ಡುಮಟ್ಟದ ಕೆಲಸವಿತ್ತು. ಕುಂದಾಪುರದ ಬಳಿಯ ವಂಡ್ಸೆ ಗ್ರಾಮ ಪಂಚಾಯತಿ ಕಸದಿಂದಲೇ ಆದಾಯ ತೆಗೆದು ಹೆಸರಾಯಿತು. ಕಾರ್ಕಳ ತಾಲೂಕಿನ ನಿಟ್ಟೆಯಲ್ಲಿ ದಿನಕ್ಕೆ 10 ಟನ್ ಒಣ ಕಸ ಆರಿಸುವ ಘಟಕ ಸುತ್ತಲಿನ ಹತ್ತಾರು ಪಂಚಾಯತಿಗಳಿಗೆ ಒದಗಿದೆ. ಒಂದೊಂದೇ ಪಂಚಾಯತಿಯ ಕಸ ಮಾರಾಟಕ್ಕೆ ಸಾಲದಷ್ಟು ಕಡಿಮೆ. ಒಟ್ಟು ಸೇರಿಸಿದಾಗ ಲಾರಿ ತುಂಬುತ್ತದೆ, ಕಾರ್ಖಾನೆಯೂ ಕೊಳ್ಳುತ್ತದೆ. ರಾಜ್ಯದ ಅನೇಕ ಪಂಚಾಯತಿಗಳಲ್ಲಿ ಸ್ವಸಹಾಯ ಸಂಘದ ಹೆಂಗಸರೇ ಡ್ರೈವಿಂಗ್ ಕಲಿತು ಕಸದ ಗಾಡಿ ಓಡಿಸುತ್ತಿದ್ದಾರೆ. ಮನೆಯವಳಿಗೆ ಮನೆಯವಳೇ ಬಂದು ಹೇಳಿದಾಗ ಕಸ ಬೇರೆಯಾಗುವ ಪ್ರಮಾಣ ಹೆಚ್ಚು ಎಂಬುದು ಅಲ್ಲಿ ಕೆಲಸ ಮಾಡುವವರ ಅನುಭವದ ಮಾತು.

ಆದರೆ ವಂಡ್ಸೆಯಲ್ಲಾಗಲಿ ನಿಟ್ಟೆಯಲ್ಲಾಗಲಿ ಬೆಂಗಳೂರಿನಲ್ಲಾಗಲಿ ಆರಿಸಿ ಮುಗಿದ ಮೇಲೆ ಕೊನೆಗೆ ಒಂದು ರಾಶಿ ಉಳಿದೇ ಉಳಿಯುತ್ತದೆ. ಚಿಪ್ಸ್ ಪ್ಯಾಕೆಟ್, ಬಿಸ್ಕತ್ತಿನ ಹೊದಿಕೆ, ಶಾಂಪೂ ಸ್ಯಾಶೆ, ಮಸಾಲೆ ಪುಡಿಯ ಕವರ್. ಇವುಗಳ ಹಾಳೆ ನೋಡಲು ಒಂದೇ, ಒಳಗೆ ಬೇರೆಬೇರೆ ಪ್ಲಾಸ್ಟಿಕ್ಕಿನ ಪದರಗಳು, ನಡುವೆ ಲೋಹದ ತೆಳುಲೇಪ, ಎಲ್ಲವನ್ನೂ ಹಿಡಿದಿಟ್ಟ ಅಂಟು. ತಿಂಡಿ ತಿಂಗಳುಗಟ್ಟಲೆ ಗರಿಗರಿಯಾಗಿರಲು ಅದು ಬೇಕು. ಆ ಪದರಗಳನ್ನು ಮತ್ತೆ ಬಿಡಿಸುವುದು ಯಾರಿಗೂ ಗಿಟ್ಟುವುದಿಲ್ಲ. ಗುಜರಿಯವರು ಮುಟ್ಟುವುದಿಲ್ಲ. ಕೊನೆಗೆ ಸಿಮೆಂಟ್ ಕಾರ್ಖಾನೆಯ ಗೂಡಿಗೆ ಕಲ್ಲಿದ್ದಲಿನ ಬದಲಿಗೆ ಹೋಗುತ್ತದೆ, ಇಲ್ಲವೇ ಗುಂಡಿ ಸೇರುತ್ತದೆ. ಇಲ್ಲಿ ಗೃಹಿಣಿ ಎಷ್ಟೇ ಶ್ರದ್ಧೆಯಿಂದ ತೊಳೆದು ಒಣಗಿಸಿ ಕೊಟ್ಟರೂ ಪ್ರಯೋಜನವಿಲ್ಲ. ಆ ವಸ್ತು ಕಸವೆಂದೇ ವಿನ್ಯಾಸಗೊಂಡಿದೆ, ಆ ನಿರ್ಧಾರವಾದದ್ದು ಕಾರ್ಖಾನೆಯಲ್ಲಿ. ಜವಾಬ್ದಾರಿಯೂ ಅಲ್ಲಿಗೇ ಮರಳಬೇಕು.

ಕಾನೂನು ಈ ದಿಕ್ಕಿನಲ್ಲಿ ನಿಧಾನವಾಗಿ ಹೊರಟಿದೆ. ಕರ್ನಾಟಕ 2016ರ ಮಾರ್ಚ್‌ನಲ್ಲೇ ಪ್ಲಾಸ್ಟಿಕ್ ಚೀಲ, ತಟ್ಟೆ, ಲೋಟ, ಬ್ಯಾನರ್ ಇತ್ಯಾದಿಗಳನ್ನು ನಿಷೇಧಿಸಿತು. ದೇಶದಾದ್ಯಂತ 2022ರ ಜುಲೈ 1ರಿಂದ ಏಕಬಳಕೆಯ ಹಲವು ಪ್ಲಾಸ್ಟಿಕ್ ವಸ್ತುಗಳು ನಿಷಿದ್ಧವಾದವು, ಆ ವರ್ಷದ ಕೊನೆಯಿಂದ ಕೈಚೀಲದ ದಪ್ಪ ಕನಿಷ್ಠ 120 ಮೈಕ್ರಾನ್ ಇರಬೇಕೆಂದಾಯಿತು. ಮಾರುಕಟ್ಟೆಗೆ ಹೋಗಿ ನೋಡಿದರೆ ತೆಳು ಚೀಲ ಇನ್ನೂ ಧಾರಾಳವಾಗಿ ತೂಗಾಡುತ್ತಿದೆ. ತರಕಾರಿ ಮಾರುವ ಅಜ್ಜಿಗೆ ದಂಡ ಹಾಕುವುದು ಸುಲಭ, ಚೀಲ ತಯಾರಿಸುವ ಯಂತ್ರ ನಿಲ್ಲಿಸುವುದು ಕಷ್ಟ. ಹಾಗಾಗಿ ನಿಷೇಧಕ್ಕಿಂತಲೂ ನನಗೆ ಭರವಸೆ ಹುಟ್ಟಿಸುವುದು ಉತ್ಪಾದಕರ ವಿಸ್ತೃತ ಹೊಣೆಗಾರಿಕೆಯ 2022ರ ನಿಯಮಗಳು. ಇವುಗಳ ಪ್ರಕಾರ ಪ್ಯಾಕೆಟ್ಟನ್ನು ಮಾರುಕಟ್ಟೆಗೆ ಬಿಡುವ ಕಂಪನಿಗಳೇ ಅದನ್ನು ವಾಪಸು ಪಡೆದು ಮರುಬಳಕೆ ಮಾಡಿಸಬೇಕು, ಗಟ್ಟಿ ಪ್ಲಾಸ್ಟಿಕ್ಕಿನಲ್ಲಿ ಒಂದು ಪಾಲನ್ನು ಅದೇ ರೂಪದಲ್ಲಿ ಮತ್ತೆ ತುಂಬಿ ಬಳಸಬೇಕು. ಬಹಳಷ್ಟು ಕಂಪನಿಗಳಿಗೆ ಇದು ಸರ್ಟಿಫಿಕೇಟ್ ಕೊಳ್ಳುವ ವ್ಯವಹಾರವಾಗಿಬಿಡುವ ಅಪಾಯ ಇದ್ದೇ ಇದೆ. ಹಾಗಾಗದಂತೆ ತಡೆಯಬೇಕಾದರೆ ವಾರ್ಡಿನ ಒಣ ಕಸ ಕೇಂದ್ರ ನಡೆಸುವವರಿಗೆ, ಯಾರೂ ಕೊಳ್ಳದ ಈ ಪ್ಯಾಕೆಟ್ಟುಗಳನ್ನು ಆರಿಸಿದ್ದಕ್ಕೂ ಕಿಲೋ ಲೆಕ್ಕದಲ್ಲಿ ಕಂಪನಿಯಿಂದ ಹಣ ಬರಬೇಕು. ಖರ್ಚು ತನ್ನ ಕೈಯಿಂದಲೇ ಹೋಗುವಾಗ ವಿನ್ಯಾಸ ಬದಲಿಸುವ ಬುದ್ಧಿಯೂ ಬರುತ್ತದೆ.

ಮನೆಯವರಿಗೂ ಅಂಥದೇ ಲೆಕ್ಕ ಕಾಣಿಸಬೇಕು. 2025ರ ಏಪ್ರಿಲ್‌ನಿಂದ ಬೆಂಗಳೂರಿನಲ್ಲಿ ಆಸ್ತಿ ತೆರಿಗೆಯ ಜೊತೆ ಕಸದ ಶುಲ್ಕ ಸೇರಿಕೊಂಡಿತು. ಕಟ್ಟಡದ ವಿಸ್ತೀರ್ಣ ನೋಡಿ ತಿಂಗಳಿಗೆ 10 ರೂಪಾಯಿಯಿಂದ 400 ರೂಪಾಯಿವರೆಗೆ. ವಿಸ್ತೀರ್ಣ ಅಳೆಯುವುದು ಸುಲಭ, ಸರಿ. ಆದರೆ ಒಂದೇ ಅಳತೆಯ ಎರಡು ಮನೆಗಳಲ್ಲಿ ಒಂದು ದಿನಕ್ಕೊಂದು ಚೀಲ ಕಸ ಹಾಕುತ್ತದೆ, ಇನ್ನೊಂದು ವಾರಕ್ಕೊಂದು ಸಣ್ಣ ಕೈಚೀಲ. ಇಬ್ಬರೂ ಕೊಡುವುದು ಒಂದೇ ಮೊತ್ತ. ದಕ್ಷಿಣ ಕೊರಿಯಾದಲ್ಲಿ 1995ರಿಂದ ಕಸ ಹಾಕಲು ನಿಗದಿತ ಚೀಲವನ್ನೇ ಕೊಳ್ಳಬೇಕು, ಹೆಚ್ಚು ಕಸ ಹಾಕುವವರಿಗೆ ಹೆಚ್ಚು ಖರ್ಚು. ಹಸಿ ಕಸ ಗುಂಡಿಗೆ ಹೋಗುವುದನ್ನು ಅಲ್ಲಿ 2005ರಲ್ಲೇ ನಿಷೇಧಿಸಿದರು, ಆಮೇಲೆ ಅದಕ್ಕೂ ತೂಕದ ಮೇಲೆ ಶುಲ್ಕ ಬಂತು. ನಮ್ಮಲ್ಲಿ ಅದನ್ನು ಹಾಗೇ ತಂದರೆ ಚೀಲದ ದುಡ್ಡು ಉಳಿಸಲು ಜನ ಕಸವನ್ನು ಖಾಲಿ ಸೈಟಿಗೆ ಎಸೆದಾರು ಎಂಬ ಭಯ ಸುಳ್ಳಲ್ಲ. ಆದರೆ ಮನೆಯಲ್ಲೇ ಗೊಬ್ಬರ ಮಾಡುವವರಿಗೆ ಶುಲ್ಕದಲ್ಲಿ ಕಣ್ಣಿಗೆ ಕಾಣುವಷ್ಟು ರಿಯಾಯಿತಿ ಕೊಡಲು ಯಾವ ಅಡ್ಡಿಯೂ ಇಲ್ಲ.

ಪ್ಯಾಕೆಟ್ಟೇ ಬೇಡದ ಮಾರಾಟ ದೊಡ್ಡ ಪ್ರಮಾಣದಲ್ಲಿ ಸಾಧ್ಯವೇ ಎಂದು ಅನುಮಾನ ಪಡುವವರಿಗೆ ದೆಹಲಿಯ ಉದಾಹರಣೆ ಇದೆ. ಮದರ್ ಡೇರಿ 1974ರಿಂದ ಅಲ್ಲಿನ ಬೂತುಗಳಲ್ಲಿ ಹಾಲನ್ನು ಯಂತ್ರದಿಂದ ಅಳೆದು, ಗಿರಾಕಿ ತಂದ ಪಾತ್ರೆಗೇ ಸುರಿಯುತ್ತ ಬಂದಿದೆ. ಟೋಕನ್ ಹಾಕಿ, ಕ್ಯಾನು ಹಿಡಿ, ಮುಗಿಯಿತು. ಕವರಿನ ಖರ್ಚು ಇಲ್ಲದ್ದರಿಂದ ಆ ಹಾಲು ಪ್ಯಾಕೆಟ್ ಹಾಲಿಗಿಂತ ಅಗ್ಗ. ನಮ್ಮ ಕರ್ನಾಟಕ ಹಾಲು ಮಹಾಮಂಡಳದ ದಿನದ ಹಾಲು ಸಂಗ್ರಹ 2024ರಲ್ಲಿ ಒಂದು ಕೋಟಿ ಲೀಟರ್ ದಾಟಿತು. ಹೆಚ್ಚುಕಡಿಮೆ ಪ್ರತಿ ಬಡಾವಣೆಯಲ್ಲೂ ಒಂದು ನಂದಿನಿ ಬೂತ್ ಇದೆ, ಬೆಳಿಗ್ಗೆ ಐದೂವರೆಗೇ ಬಾಗಿಲು ತೆರೆಯುತ್ತದೆ, ಅಲ್ಲಿಗೆ ಬರುವವರು ಹೆಚ್ಚಾಗಿ ನಡೆದೇ ಬರುತ್ತಾರೆ, ಕೈಯಲ್ಲೊಂದು ಕ್ಯಾನು ಹಿಡಿದು ಬರುವುದು ಅವರಿಗೆ ಹೊರೆಯಲ್ಲ. ತಣ್ಣಗಿಡುವ ಟ್ಯಾಂಕು, ಅಳೆಯುವ ಯಂತ್ರ, ದಿನಾ ತೊಳೆಯುವ ವ್ಯವಸ್ಥೆ ಬೇಕು. ಕಲಬೆರಕೆಯ ಭಯಕ್ಕೆ ಬೀಗಮುದ್ರೆಯ ಟ್ಯಾಂಕು ಉತ್ತರ. ಬೆಂಗಳೂರಿನ ಒಂದೆರಡು ವಾರ್ಡುಗಳಲ್ಲಿ ಇದನ್ನು ಮಾಡಿ ನೋಡಬೇಕೆಂದು ಮಹಾಮಂಡಳವನ್ನು ಕೇಳುವ ಹಕ್ಕು ಗ್ರಾಹಕರಾದ ನಮಗೆ ಇದೆ. ಅದು ರೈತರ ಸಂಸ್ಥೆ. ಆ ರೈತರ ಎಮ್ಮೆ, ಹಸುಗಳೇ ರಸ್ತೆಬದಿಯ ಕವರ್ ತಿಂದು ಹೊಟ್ಟೆ ಉಬ್ಬಿ ಸಾಯುತ್ತಿವೆ.